ಕವಡೆ ಬಿದ್ದ ಮೇಲೆ

ಒಂದು ಆಟವನ್ನು ಮತ್ತೆ ಮತ್ತೆ ಆಡುವುದು ಏಕೆ? ವಿಡಿಯೋ ಗೇಮ್ ಮಾರುವವರ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ: "ನಮ್ಮ ಆಟದಲ್ಲಿ ಪ್ರತಿ ಸಲವೂ ಹೊಸ ಲೆವೆಲ್." ಆಟ ಶುರುವಾದಾಗಲೆಲ್ಲ ಕಂಪ್ಯೂಟರೇ ಕೋಣೆ, ದಾರಿ, ಶತ್ರು, ನಿಧಿಗಳನ್ನು ಹೊಸದಾಗಿ ಜೋಡಿಸಿಕೊಡುತ್ತದೆ, ಆದ್ದರಿಂದ ಬೇಸರಕ್ಕೆ ಜಾಗವೇ ಇಲ್ಲ ಎಂಬುದು ಅವರ ವಾದ. ಸಂಖ್ಯಾಶಾಸ್ತ್ರದ ಪಠ್ಯಗಳು ಯಾದೃಚ್ಛಿಕ ಎನ್ನುವ, ನಾವೆಲ್ಲ ರ್‍ಯಾಂಡಮ್ ಎಂದೇ ಕರೆಯುವ ಈ ಗುಣ ಈಗ ನೂರಾರು ಆಟಗಳಲ್ಲಿದೆ. ಈ ವಾದದ ಬುಡದಲ್ಲಿ ಒಂದು ನಂಬಿಕೆಯಿದೆ: ಮನುಷ್ಯ ಯಾವುದಕ್ಕಾದರೂ ಮರಳುವುದು ಹೊಸದರ ಆಸೆಗಾಗಿ. ಫೋನಿನಲ್ಲಿ ರೀಲ್ಸ್ ಸರಿಸುತ್ತ ಕೂರುವ ನಮಗೆ ಈ ನಂಬಿಕೆ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಪರೀಕ್ಷಿಸಬೇಕು ಅಂತಲೂ ಅನಿಸುವುದಿಲ್ಲ. ಆಟಗಳನ್ನೇ ಸಾಕ್ಷಿಗೆ ಕರೆದು ಅದನ್ನು ಪರೀಕ್ಷಿಸಬಹುದು ಎನ್ನುವುದು ಈ ಬರಹದ ಉದ್ದೇಶ.

ಮೊದಲ ಸಾಕ್ಷಿ ನಮ್ಮೂರಿನದೇ. ನನ್ನ ತಲೆಮಾರಿನ ರಾಯಚೂರಿನ ಮಕ್ಕಳಿಗೆ ವಿಡಿಯೋ ಗೇಮ್ ಎಂದರೆ ಟಿವಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆ ಮತ್ತು ಅದರೊಳಗೆ ಹಾಕುವ ಕ್ಯಾಸೆಟ್. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳವು. ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಯಿಂದ ನಮ್ಮ ಮನೆಗೆ ಬಂದ ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದು ಅಚ್ಚಾಗಿತ್ತು. ಒಂದೇ ಕ್ಯಾಸೆಟ್ಟಿನಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ! ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದರೆ ಮಾರಿಯೋ, ಕಾಂಟ್ರಾ, ಬ್ಯಾಟಲ್ ಸಿಟಿ, ರೋಡ್ ಫೈಟರ್, ಡಕ್ ಹಂಟ್. ಆಮೇಲೆ ಮತ್ತೆ ಅವೇ. ಒಂದು ಕಡೆ ಮಾರಿಯೋ ಮೂರನೆಯ ಲೆವೆಲ್ಲಿನಿಂದ ಶುರು, ಇನ್ನೊಂದು ಕಡೆ ಕಾಂಟ್ರಾದಲ್ಲಿ ಜೀವ ಹೆಚ್ಚು, ಮತ್ತೊಂದು ಕಡೆ ಹೆಸರಷ್ಟೇ ಬೇರೆ. ಕೆಲವೇ ದಿನಗಳಲ್ಲಿ ಓಣಿಯ ಮಕ್ಕಳಿಗೆಲ್ಲ ಈ ಗುಟ್ಟು ಗೊತ್ತಾಗಿತ್ತು. ಆದರೂ ಯಾರೂ ಆಟ ಬಿಡಲಿಲ್ಲ. 9999ನ್ನು ಮರೆತು ಎರಡು-ಮೂರು ಆಟಗಳನ್ನು ವರ್ಷಗಟ್ಟಲೆ ಆಡಿದೆವು. ಸಂಖ್ಯೆ ನಮ್ಮನ್ನು ಅಂಗಡಿಯವರೆಗೆ ಕರೆದೊಯ್ದಿತ್ತು. ದಿನಾ ಸಂಜೆ ಟಿವಿಯ ಮುಂದೆ ಕೂರಿಸಿದ್ದು ಬೇರೆ ಏನೋ.

ಆ ಬೇರೆ ಏನೋ ಯಾವುದು ಎಂದು ಕೇಳುವ ಮುನ್ನ, ರ್‍ಯಾಂಡಮ್ ಲೆವೆಲ್ ಎಂಬುದು ಎಲ್ಲಿಂದ ಬಂತು ಎಂದು ನೋಡೋಣ. 1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು 'ರೋಗ್' ಎಂಬ ಆಟ ಬರೆದರು. ಕೆನ್ ಆರ್ನಾಲ್ಡ್ ಆಮೇಲೆ ಸೇರಿಕೊಂಡರು. ಚಿತ್ರಗಳಿಲ್ಲದ ಆಟ. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳೇ ರಾಕ್ಷಸರು, ಗೀಟುಗಳೇ ಗೋಡೆಗಳು. ನೆಲದಡಿಯ ಕತ್ತಲಕೋಣೆಗಳಲ್ಲಿ ಇಳಿಯುತ್ತ ಹೋಗಿ, 26ನೇ ಅಂತಸ್ತಿನಿಂದ ಒಂದು ತಾಯಿತವನ್ನು ಹೊತ್ತು ತರಬೇಕು. ಆ ಕಾಲದ ಸಾಹಸದ ಆಟಗಳಿಗೆ ಒಂದು ಕೊರತೆಯಿತ್ತು: ಒಮ್ಮೆ ಒಗಟು ಬಿಡಿಸಿದರೆ ಮುಗಿಯಿತು, ಆಟ ಬರೆದವರಿಗಂತೂ ಮೊದಲ ದಿನವೇ ಎಲ್ಲ ಗೊತ್ತು. ತಾವು ಬರೆದ ಆಟ ತಮ್ಮನ್ನೂ ಅಚ್ಚರಿಗೊಳಿಸಬೇಕು ಎಂಬ ಆಸೆಯಿಂದ ಇವರು ಕೋಣೆಗಳನ್ನು ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟರು. ಜೊತೆಗೆ ಒಂದು ಕಠಿಣ ನಿಯಮವಿಟ್ಟರು: ಸತ್ತರೆ ಸತ್ತಂತೆಯೇ, ಮತ್ತೆ ಮೊದಲಿನಿಂದ ಶುರು. ಇಂದು ಈ ಬಗೆಯ ಆಟಗಳನ್ನೆಲ್ಲ 'ರೋಗ್‌ಲೈಕ್' ಎಂದೇ ಕರೆಯುತ್ತಾರೆ.

ಕಂಪ್ಯೂಟರು ಹೀಗೆ ಜೋಡಿಸುವಾಗ ಒಂದು ಅಂಕಿಯಿಂದ ಹೊರಡುತ್ತದೆ. ಅದಕ್ಕೆ ಸೀಡ್, ಅಂದರೆ ಬೀಜ, ಎಂದು ಹೆಸರು. ಅದೇ ಬೀಜ ಕೊಟ್ಟರೆ ಅದೇ ಲೋಕ ಮತ್ತೆ ಮೊಳೆಯುತ್ತದೆ. ಒಂದು ಕಲ್ಲೂ ಆಚೀಚೆ ಆಗುವುದಿಲ್ಲ. ನಮ್ಮ ಹೊಲದ ಬೀಜಕ್ಕೆ ಈ ಗುಣವಿಲ್ಲ ಎಂಬುದನ್ನು ಸದ್ಯ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಬೀಜಗಳಿಂದ ಎಷ್ಟು ಲೋಕ ಬೇಕಾದರೂ ಬೆಳೆಯಬಹುದು. 1984ರಲ್ಲಿ ಬ್ರಿಟನ್ನಿನ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಮಾಡಿದ 'ಎಲೀಟ್' ಎಂಬ ಅಂತರಿಕ್ಷ ವ್ಯಾಪಾರದ ಆಟದಲ್ಲಿ ಕೋಟಿ ಕೋಟಿ ನಕ್ಷತ್ರಪುಂಜಗಳು ಸಾಧ್ಯವಿದ್ದವು. ಪ್ರಕಾಶಕರು ಬೇಡವೆಂದರು. ಸಂಖ್ಯೆ ಅಷ್ಟು ದೊಡ್ಡದಾದರೆ, ಎಲ್ಲವೂ ಒಂದೇ ಥರ ಇರುವುದು ಆಟಗಾರರಿಗೆ ಕಂಡುಬಿಡುತ್ತದೆ ಎಂಬ ಭಯ ಅವರದು. ಕೊನೆಗೆ 8 ನಕ್ಷತ್ರಪುಂಜ, ತಲಾ 256 ಗ್ರಹ ಎಂದು ನಿರ್ಧಾರವಾಯಿತು. ಮೂವತ್ತೆರಡು ವರ್ಷಗಳ ನಂತರ, 2016ರಲ್ಲಿ, ಅದೇ ದೇಶದ 'ನೋ ಮ್ಯಾನ್ಸ್ ಸ್ಕೈ' ಆ ಸಂಕೋಚವನ್ನು ಬಿಟ್ಟಿತು. ಅದರಲ್ಲಿ 18ರ ಮುಂದೆ 18 ಸೊನ್ನೆ ಹಾಕಿದಷ್ಟು ಗ್ರಹಗಳು. ಆದರೆ ಹತ್ತಾರು ಗ್ರಹ ಸುತ್ತಿದ ಬಹಳ ಮಂದಿ ನಿರಾಶರಾದರು. ಪ್ರಾಣಿಗಳ ಬಣ್ಣ ಬೇರೆ, ಕಾಲುಗಳ ಲೆಕ್ಕ ಬೇರೆ, ಆಟಗಾರ ಮಾಡಬೇಕಾದ್ದು ಮಾತ್ರ ಅದೇ. ಮುಂದಿನ ವರ್ಷಗಳಲ್ಲಿ ಜನ ಆ ಆಟಕ್ಕೆ ಮರಳಿದರು. ಗ್ರಹಗಳು ಹೆಚ್ಚಾದವೆಂದೇನಲ್ಲ, ಅಲ್ಲಿ ಮನೆ ಕಟ್ಟಲು, ಇನ್ನೊಬ್ಬರ ಜೊತೆ ಸೇರಿ ಆಡಲು ಅವಕಾಶ ಬಂತು. ಇಂಥ ಯಂತ್ರಗಳನ್ನು ರೂಪಿಸುವ ಕೇಟ್ ಕಾಂಪ್ಟನ್ ಎಂಬಾಕೆ ಈ ತೊಡಕಿಗೆ ಕೊಟ್ಟ ಹೋಲಿಕೆ ಪ್ರಸಿದ್ಧ: ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿ ಮಾಡಿದರೆ ಪ್ರತಿ ಬಟ್ಟಲಲ್ಲೂ ಕಾಳುಗಳ ಜೋಡಣೆ ಬೇರೆ ಬೇರೆ, ಲೆಕ್ಕದ ಪ್ರಕಾರ ಒಂದರಂತೆ ಒಂದಿಲ್ಲ. ಉಣ್ಣುವವನಿಗೆ ಮಾತ್ರ ಎಲ್ಲವೂ ಗಂಜಿಯೇ. ನಮ್ಮಲ್ಲಿ ಜೋಳದ ನುಚ್ಚು ಎನ್ನಬಹುದು.

ಅಂದರೆ ಹೊಸ ಲೆವೆಲ್ಲುಗಳಿದ್ದ ಮಾತ್ರಕ್ಕೆ ಆಟ ಮತ್ತೆ ಆಡಲು ಯೋಗ್ಯವಾಗುವುದಿಲ್ಲ. ಇದರ ತಿರುಗುಮುರುಗೂ ನಿಜ: ಹೊಸದೇನೂ ಇಲ್ಲದೆಯೂ ಮರಳುವುದುಂಟು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ 8 ಲೋಕ, ತಲಾ 4 ಲೆವೆಲ್, ಒಟ್ಟು 32. ಇಂದಿಗೂ ಅವು ಇದ್ದಲ್ಲೇ ಇವೆ, ಜಗತ್ತಿನಾದ್ಯಂತ ಜನ ಇನ್ನೂ ಅವನ್ನು ಆಡುತ್ತಾರೆ, ಒಂದು ಸೆಕೆಂಡಿನ ಸಣ್ಣ ತುಣುಕು ಉಳಿಸಲು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. 32 ಎಂದಾಗ ನಮ್ಮ ಭಾಗದವರಿಗೆ ಇನ್ನೊಂದು ನೆನಪಾಗಬಹುದು. ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ದಲ್ಲಿ 32 ಸಂಧಿಗಳು; ಶ್ರೀದವಿಠಲರ ಫಲಶ್ರುತಿ ಸಂಧಿಯನ್ನೂ ಸೇರಿಸಿ 33 ಎನ್ನುವುದುಂಟು. ಆಟಕ್ಕೂ ಆ ಗ್ರಂಥಕ್ಕೂ ಹೋಲಿಕೆಯಿಲ್ಲ, ನಾನು ಮಾಡುತ್ತಲೂ ಇಲ್ಲ. ನನಗೆ ಮುಖ್ಯವಾದದ್ದು ಮರಳುವ ರೀತಿ. ಭಾಮಿನಿ ಷಟ್ಪದಿಯ ಆ ಪದ್ಯಗಳನ್ನು ಹದಿನೆಂಟನೆಯ ಶತಮಾನದಿಂದ ಇಲ್ಲಿಯವರೆಗೆ ಮನೆಮನೆಗಳಲ್ಲಿ ಪಾರಾಯಣ ಮಾಡಿದವರು ಯಾರೂ ಇವತ್ತು ಹೊಸ ಪದ್ಯ ಬಂದೀತು ಎಂದು ಕೂತವರಲ್ಲ. ಪಠ್ಯ ಅಲುಗಾಡುವುದಿಲ್ಲ, ಓದುವವರ ವಯಸ್ಸು, ದುಃಖ, ಗ್ರಹಿಕೆ ಅಲುಗಾಡುತ್ತವೆ. ಸ್ಥಿರವಾದದ್ದಕ್ಕೆ ಮರಳಿದಾಗ ನಾವು ಎಷ್ಟು ಬದಲಾಗಿದ್ದೇವೆ ಎಂಬುದು ಅಳತೆಗೆ ಸಿಗುತ್ತದೆ.

ಹಾಗಾದರೆ ರ್‍ಯಾಂಡಮ್ ಲೆವೆಲ್ಲಿನ ಕೆಲಸವೇನು? ಅದು ಕಂಠಪಾಠವನ್ನು ಅಸಾಧ್ಯ ಮಾಡುತ್ತದೆ. ಕಾಂಟ್ರಾದಲ್ಲಿ ಯಾವ ಮೂಲೆಯಿಂದ ಗುಂಡು ಬರುತ್ತದೆ ಎಂದು ಬಾಯಿಪಾಠವಾದ ಮೇಲೆ ಬೆರಳು ತಾನೇ ಆಡುತ್ತದೆ. ರೋಗ್‌ನಲ್ಲಿ ಅದು ಸಾಗದು. ದಾರಿ ನೆನಪಿಟ್ಟು ಪ್ರಯೋಜನವಿಲ್ಲ, ದಾರಿ ಹುಡುಕುವ ಬಗೆಯನ್ನು ಕಲಿಯಬೇಕು. ಇದು ಕಂಪ್ಯೂಟರು ಹೊಸದಾಗಿ ಕಂಡುಹಿಡಿದ ಗುಟ್ಟೇನಲ್ಲ. ಮಾನ್ವಿಯಲ್ಲಿ ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಬೇಸಿಗೆ ರಜೆಯ ಮಧ್ಯಾಹ್ನಗಳು ಚೌಕಾಬಾರದಲ್ಲಿ ಕಳೆಯುತ್ತಿದ್ದವು. 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಹಾಕಿದರೆ ಬೀಳುವುದು ಒಂದು, ಎರಡು, ಮೂರು, ನಾಲ್ಕು ಇಲ್ಲವೇ ಎಂಟು. ಐದೇ ಸಾಧ್ಯತೆ! 18ರ ಮುಂದೆ 18 ಸೊನ್ನೆಯ ಪಕ್ಕದಲ್ಲಿ ಇದು ಯಾವ ಲೆಕ್ಕ? ಆದರೂ ಆ ಐದರಿಂದ ಹುಟ್ಟುವ ಗೊಂದಲ ಮುಗಿಯುತ್ತಲೇ ಇರಲಿಲ್ಲ. ಮೂರು ಬಿದ್ದಿದೆ, ಎದುರಿನವರ ಕಾಯಿ ಹೊಡೆಯಲೋ, ನನ್ನದನ್ನು ಕಟ್ಟೆಮನೆಗೆ ಸೇರಿಸಲೋ, ಇನ್ನೊಂದನ್ನು ಹಣ್ಣು ಮಾಡಲು ಒಳಗೆ ಓಡಿಸಲೋ? ಕವಡೆ ಸರಿಯಾಗಿ ಬೀಳಲಿಲ್ಲ ಎಂದು ನಾವು ಮುಖ ಉಬ್ಬಿಸಿದರೆ ಅಜ್ಜಿ ಅನ್ನುತ್ತಿದ್ದಳು: "ಬಿದ್ದದ್ದು ಕವಡಿದು, ನಡಿಸಿದ್ದು ನಿಂದು. ಕವಡಿಗ್ಯಾಕ ಬೈತಿ?"

ಆ ಮಾತಿನಲ್ಲಿ ಒಂದು ಕ್ರಮವಿದೆ. ಮೊದಲು ಅದೃಷ್ಟ, ಆಮೇಲೆ ನಿರ್ಧಾರ. ಕವಡೆ ಬಿದ್ದ ಮೇಲೂ ನನಗೆ ಮಾಡಲು ಏನೋ ಉಳಿದಿದೆ. ರೋಗ್ ಮಾಡುವುದೂ ಇದನ್ನೇ: ಕೋಣೆಗಳು ಜೋಡಣೆಯಾಗಿವೆ, ಈಗ ನೀನೇನು ಮಾಡುತ್ತೀ ಎಂದು ಕೇಳುತ್ತದೆ. ಬಿಜಿಎಂಐ ಆಡುವ ನಮ್ಮೂರ ಹುಡುಗರು ವರ್ಷಗಳಿಂದ ಎರಾಂಗೆಲ್ ಎಂಬ ಒಂದೇ ನಕಾಶೆಯಲ್ಲಿ, ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಅದೇ ನೆಲದಲ್ಲಿ, ದಿನವೂ ಹಾರಿ ಇಳಿಯುತ್ತಾರೆ. ಊರು, ಸೇತುವೆ, ಗುಡ್ಡ ಎಲ್ಲ ಹಳೆಯವು. ಯಾವ ಮನೆಯಲ್ಲಿ ಯಾವ ಬಂದೂಕು ಸಿಗುತ್ತದೆ, ಕುಗ್ಗುವ ವೃತ್ತ ಯಾವ ಕಡೆ ಬೀಳುತ್ತದೆ ಎಂಬುದಷ್ಟೇ ಬದಲಾಗುತ್ತದೆ. ನೆಲದ ಪರಿಚಯವೂ ಬೇಕು, ಅಂದಂದಿನ ವಿವೇಚನೆಯೂ ಬೇಕು. ಚೌಕಾಬಾರದ ಮಣೆಯಂತೆ ಅದು.

ಈ ಕ್ರಮವನ್ನು ತಿರುಗಿಸಿದರೆ ಆಟದ ನೀತಿಯೇ ಬದಲಾಗುತ್ತದೆ. ಮೊದಲು ಪಣ, ಆಮೇಲೆ ಅದೃಷ್ಟ. ಧರ್ಮರಾಯ ತಮ್ಮಂದಿರನ್ನು, ತನ್ನನ್ನು, ದ್ರೌಪದಿಯನ್ನು ಒಡ್ಡಿದ್ದು ದಾಳ ಉರುಳುವ ಮುನ್ನ. ಉರುಳಿದ ಮೇಲೆ ಅವನಿಗೆ ಮಾಡಲು ಏನೂ ಉಳಿಯಲಿಲ್ಲ, ಮತ್ತೊಮ್ಮೆ ಒಡ್ಡುವುದರ ಹೊರತು. ಶಕುನಿಯ ಮೋಸ ಬೇರೆಯೇ ಮಾತು. ಮೋಸವಿಲ್ಲದಿದ್ದರೂ ಜೂಜಿನ ಕ್ರಮ ಇದೇ. ಫ್ರೀ ಫೈರ್ ಆಟದ 'ಲಕ್ ರಾಯಲ್'ನಲ್ಲಿ ವಜ್ರಗಳನ್ನು ತೆತ್ತು ಚಕ್ರ ತಿರುಗಿಸುವ ಹುಡುಗ ಇರುವುದೂ ಇಲ್ಲಿಯೇ. ಹಣ ಒಡ್ಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು; 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾನೂನು ಮಾಡಿತು. ಕಾನೂನಿನ ಚರ್ಚೆಯೆಲ್ಲ ಕೌಶಲ ಎಷ್ಟು, ಅದೃಷ್ಟ ಎಷ್ಟು ಎಂಬ ಪ್ರಮಾಣದ ಸುತ್ತ ನಡೆಯಿತು. ನನಗೆ ಕಾಣುವಂತೆ ಪ್ರಮಾಣದಷ್ಟೇ ಮುಖ್ಯವಾದದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬುದು. 'ರ್‍ಯಾಂಡಮ್' ಎಂಬ ಒಂದೇ ಪದದಡಿ ಎರಡು ವಿರುದ್ಧ ಅನುಭವಗಳು ಅಡಗಿವೆ.

ಅದೃಷ್ಟ ಮೊದಲೇ ಬಂದರೂ ಅದು ನ್ಯಾಯವಾಗಿರಬೇಕಲ್ಲ? ದಾರಿಯೇ ಇಲ್ಲದ ಲೆವೆಲ್ ಬಂದರೆ ನನ್ನ ವಿವೇಚನೆ ಏನು ಮಾಡೀತು? ಒಳ್ಳೆಯ ಆಟ ಮಾಡಿದವರು ಈ ಬಗ್ಗೆ ಬಹಳ ಯೋಚಿಸಿದ್ದಾರೆ. 2008ರಲ್ಲಿ ಡೆರೆಕ್ ಯು ಹೊರತಂದ 'ಸ್ಪೆಲಂಕಿ'ಯಲ್ಲಿ ಒಂದು ಲೆವೆಲ್ ಎಂದರೆ ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, 16 ಕೋಣೆಗಳು. ಕಂಪ್ಯೂಟರು ಮೊದಲು ಮೇಲಿನ ಬಾಗಿಲಿನಿಂದ ಕೆಳಗಿನ ಬಾಗಿಲಿಗೆ ಒಂದು ದಾರಿಯನ್ನು ಖಚಿತ ಮಾಡಿಕೊಳ್ಳುತ್ತದೆ. ಅಪಾಯಗಳನ್ನೆಲ್ಲ ತುಂಬುವುದು ಆಮೇಲೆ. ಟೆಟ್ರಿಸ್ ಇನ್ನೂ ಚೆನ್ನಾದ ಉದಾಹರಣೆ. ಅದರ ಹಳೆಯ ಆವೃತ್ತಿಗಳಲ್ಲಿ ಎಲ್ಲರೂ ಕಾಯುವ ಉದ್ದ ಕಡ್ಡಿಯ ತುಂಡು ಬಹಳ ಹೊತ್ತು ಬಾರದೆ ಹೋಗುತ್ತಿತ್ತು. ಆಟಗಾರರು ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಬರ' ಎಂದೇ. ಮುಂದಿನ ಆವೃತ್ತಿಗಳಲ್ಲಿ ಏಳು ಬಗೆಯ ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕಲೆಸಿ ಒಂದೊಂದಾಗಿ ಕೊಡುವ ಪದ್ಧತಿ ಬಂತು. ಚೀಲ ಖಾಲಿಯಾದ ಮೇಲೆ ಮತ್ತೆ ಏಳು. ಹೀಗಾಗಿ ಎರಡು ಉದ್ದ ಕಡ್ಡಿಗಳ ನಡುವೆ ಹೆಚ್ಚೆಂದರೆ 12 ಬೇರೆ ತುಂಡುಗಳು ಬರಬಹುದು, ಹದಿಮೂರನೆಯದು ಬರುವುದಿಲ್ಲ. ಅದೃಷ್ಟ ಉಳಿಯಿತು, ಬರ ಹೋಯಿತು. ಕಷ್ಟ ಕೊಡುತ್ತೇನೆ, ದಾರಿ ಮುಚ್ಚುವುದಿಲ್ಲ ಎಂದು ಆಟ ಮಾಡಿದವರು ಆಡುವವರಿಗೆ ಕೊಟ್ಟ ಮಾತು ಅದು.

ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿಯಾಗಿ ಇಲ್ಲಿ ನನಗೆ ಒಂದು ಆಕ್ಷೇಪ ಗಂಭೀರವಾಗಿ ಕಾಣುತ್ತದೆ. ಮನುಷ್ಯ ಕೂತು ರೂಪಿಸಿದ ಲೆವೆಲ್ಲಿನಲ್ಲಿ ಒಂದು ಉದ್ದೇಶವಿರುತ್ತದೆ. ಮಾರಿಯೋದ ಮೊದಲ ಲೆವೆಲ್ ಒಂದಕ್ಷರವೂ ಬರೆಯದೆ ಮಕ್ಕಳಿಗೆ ಜಿಗಿಯುವುದನ್ನು ಕಲಿಸುತ್ತದೆ. ಅದು ಎಲ್ಲರ ನೆನಪೂ ಹೌದು. ರಾಯಚೂರಿನಲ್ಲಿ ಆಡಿದವರೂ ಟೋಕಿಯೋದಲ್ಲಿ ಆಡಿದವರೂ ಅದೇ ಹಳ್ಳವನ್ನು ಜಿಗಿದಿದ್ದಾರೆ. ನನ್ನೊಬ್ಬಳಿಗಾಗಿ ಹುಟ್ಟಿ, ನಾನು ಸತ್ತೊಡನೆ ಅಳಿಯುವ ಲೆವೆಲ್ಲಿನ ಬಗ್ಗೆ ಯಾರ ಜೊತೆ ಮಾತಾಡಲಿ? ಈ ನಷ್ಟ ನಿಜವಾದದ್ದು. ಸ್ಪೆಲಂಕಿಯ ನಂತರದ ಆವೃತ್ತಿಯಲ್ಲಿ ದಿನಕ್ಕೊಂದು ಬೀಜವನ್ನು ಎಲ್ಲರಿಗೂ ಹಂಚಿ, ಅಂದಿನ ಲೋಕವನ್ನು ಒಂದೇ ಸಲ ಆಡಲು ಬಿಡುವ ಪದ್ಧತಿ ತಂದರು. ಒಂದೇ ಕಷ್ಟ ಎಲ್ಲರಿಗೂ ಬಂದಾಗ ಮಾತಾಡಲು ವಿಷಯ ಸಿಗುತ್ತದೆ. ರ್‍ಯಾಂಡಮ್ ಆಟದಲ್ಲೂ ಕರ್ತೃ ಇಲ್ಲದಿಲ್ಲ; ಅವನು ಕೋಣೆ ಕಟ್ಟುವುದನ್ನು ಬಿಟ್ಟು ನಿಯಮ ಕಟ್ಟುತ್ತಾನೆ. ಅವನು ಒಳ್ಳೆಯವನೋ ಅಲ್ಲವೋ ಎಂಬುದು ನಿಯಮದಲ್ಲಿ ಕಾಣುತ್ತದೆ.

ಈ ಮಾತುಗಳನ್ನೆಲ್ಲ ದೇವದುರ್ಗದ ನಮ್ಮ ಚಿಕ್ಕಪ್ಪನ ಮಗನ ಮುಂದೆ ಒಮ್ಮೆ ಹೇಳಿದೆ. ಅವನಿಗೆ ಇಪ್ಪತ್ನಾಲ್ಕು. ರಾಯಚೂರಿನಲ್ಲಿ ಮೂವರು ಗೆಳೆಯರ ಜೊತೆ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾನೆ, ರಾತ್ರಿ ಬಿಜಿಎಂಐ. ಆ ಪರೀಕ್ಷೆಗಳೂ ಒಂದು ಲೆಕ್ಕದಲ್ಲಿ ರ್‍ಯಾಂಡಮ್ ಲೆವೆಲ್ಲುಗಳೇ: ಪಠ್ಯಕ್ರಮ ಅದೇ, ಪ್ರಶ್ನೆಪತ್ರಿಕೆ ಪ್ರತಿ ಸಲ ಬೇರೆ, ಕಂಠಪಾಠ ಸಾಲದು, ತಿಳಿವು ಬೇಕು. ಇದನ್ನು ಹೇಳಿದಾಗ ಅವನು ನಕ್ಕ. "ಅಕ್ಕಾ, ಇದರೊಳಗ ಸೋತ್ರ ಅರ್ಧ ತಾಸು ಹೋಗತೈತಿ. ಅದರೊಳಗ ಸೋತ್ರ ಒಂದು ವರ್ಷ ಹೋಗತೈತಿ. ಮತ್ತ ಅಪ್ಪನ ಕೂಡ ರೊಕ್ಕ ಕೇಳಬೇಕು." ನನ್ನ ಬಳಿ ಉತ್ತರವಿರಲಿಲ್ಲ. 'ಸೋತರೇನಂತೆ, ಮತ್ತೆ ಆಡು' ಎಂಬ ಮಾತು ಆಟದೊಳಗೆ ಸತ್ಯ, ಏಕೆಂದರೆ ಅಲ್ಲಿ ಸೋಲಿನ ಬೆಲೆ ಚಿಕ್ಕದು ಮತ್ತು ದಾರಿಯೊಂದು ಇದ್ದೇ ಇದೆಯೆಂದು ಆಟ ಮಾಡಿದವರು ಮಾತು ಕೊಟ್ಟಿದ್ದಾರೆ. ಹುದ್ದೆಗಳೇ ಕೆಲವು ನೂರು, ಬರೆಯುವವರು ಲಕ್ಷಗಟ್ಟಲೆ ಇರುವಲ್ಲಿ ಅಂಥ ಮಾತನ್ನು ಯಾರೂ ಕೊಟ್ಟಿಲ್ಲ.

ಅವನಪ್ಪ ಮಾಡುವ ಒಕ್ಕಲುತನದ ಬಗ್ಗೆಯೂ ಜನ ಇದೇ ರೂಪಕ ಬಳಸುತ್ತಾರೆ: ಬೇಸಾಯ ಎಂದರೆ ಮುಂಗಾರಿನ ಜೊತೆ ಜೂಜಾಟ ಎಂದು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ. ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ಮುಟ್ಟಿದರೆ ಮುಟ್ಟಿತು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬೇಡದಷ್ಟು ಮಳೆ ಸುರಿದು ಜಿಲ್ಲೆಯ ಊರುಗಳು ನೆರೆಯಲ್ಲಿ ನಿಂತವು. 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟು ತುಂಬಿದ್ದಾಗಲೇ, 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಉಳಿಸಿಕೊಂಡ ನೀರು ನದಿಗೆ ಹರಿಯುವುದನ್ನು ರೈತರು ದಿನಗಟ್ಟಲೆ ನೋಡಬೇಕಾಯಿತು. ಇಲ್ಲಿ ಬೀಜ ಅದೇ, ಹೊಲ ಅದೇ, ಬೆಳೆ ಮಾತ್ರ ಪ್ರತಿ ವರ್ಷ ಬೇರೆ. ಬಿತ್ತುವುದು ಮೊದಲು, ಮಳೆ ಆಮೇಲೆ. ಅಂದರೆ ಕ್ರಮವೂ ಜೂಜಿನದೇ. ಆದರೆ ಜೂಜುಗಾರನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದೆ. ರೈತ ಮುಂದಿನ ಮುಂಗಾರಿಗೆ ಮತ್ತೆ ಬಿತ್ತುವುದನ್ನು ನಾವು ಆಟದ ಹುಮ್ಮಸ್ಸು ಎಂದು ಹೊಗಳಿದರೆ, ಚೀಲವನ್ನು ನ್ಯಾಯವಾಗಿ ಕಲೆಸುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆ ಮುಚ್ಚಿಹೋಗುತ್ತದೆ. ಟೆಟ್ರಿಸ್ಸಿನ ಬರವನ್ನು ನಿಯಮ ಬದಲಿಸಿ ನೀಗಿದರು. ಬೆಳೆ ವಿಮೆ, ಕೊನೆಯಂಚಿಗೆ ನೀರು, ಗೇಟಿನ ಸರಪಳಿಯ ತಪಾಸಣೆ ಇವೂ ನಿಯಮಗಳೇ.

ಹಾಗಾದರೆ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ರ್‍ಯಾಂಡಮ್ ಲೆವೆಲ್ ಆಟವನ್ನು ಮತ್ತೆ ಆಡಲು ಯೋಗ್ಯವಾಗಿಸಬಲ್ಲದು, ಅದು ಹಳೆಯ ತಿಳಿವಿಗೆ ಹೊಸ ಪ್ರಶ್ನೆ ಕೇಳಿದಾಗ ಮಾತ್ರ. ಬಣ್ಣ ಬದಲಿಸಿ ಅದೇ ಪ್ರಶ್ನೆ ಕೇಳಿದರೆ ಅದು 9999ರ ಕ್ಯಾಸೆಟ್; ಏನನ್ನೂ ಕೇಳದೆ ಹೊಸದನ್ನು ಸುರಿಯುತ್ತ ಹೋದರೆ ಅದು ರೀಲ್ಸ್. ಹೊಸ ಆಟ ಕೈಗೆ ಬಂದಾಗ ಕೇಳಿನೋಡಬಹುದಾದ ಪ್ರಶ್ನೆಗಳು ಮೂರು: ಎರಡನೆಯ ಸಲ ನಾನು ಮೊದಲಿಗಿಂತ ಬೇರೆಯಾಗಿ ನಿರ್ಧರಿಸಬೇಕಾಗುತ್ತದೆಯೇ? ಅದೃಷ್ಟ ಬಿದ್ದ ಮೇಲೆ ನನಗೆ ಮಾಡಲು ಏನಾದರೂ ಉಳಿದಿದೆಯೇ? ದಾರಿಯೊಂದು ಇದೆ ಎಂದು ಯಾರಾದರೂ ಮಾತು ಕೊಟ್ಟಿದ್ದಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬರುವ ಆಟವನ್ನು ನೂರು ಸಲ ಸೋತರೂ ನಷ್ಟವಿಲ್ಲ. ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬರುವ ಕಡೆ, ಮತ್ತೆ ಆಡು ಎಂದು ಇನ್ನೊಬ್ಬರಿಗೆ ಹೇಳುವ ಮುನ್ನ ಅವರ ಸೋಲಿನ ಬೆಲೆ ಎಷ್ಟು ಎಂದು ಕೇಳಿ ತಿಳಿದುಕೊಳ್ಳಬೇಕು.